ತುಕ್ಕು ಹಿಡಿದ ಕೇಪಿನ ಪಿಸ್ತೂಲು: ಬಿಚ್ಚಿ, ತುಕ್ಕು ಬಿಡಿಸಿ, ಮತ್ತೆ ಜೋಡಿಸುವ ತನಕ

ಅಟ್ಟದ ಮೇಲೆ ಗೋಣಿಚೀಲದಲ್ಲಿ ಸುತ್ತಿಟ್ಟದ್ದಾಗಲಿ, ಹಳೇ ಸಾಮಾನಿನ ಅಂಗಡಿಯ ಮೂಲೆಯಲ್ಲಿ ಸಿಕ್ಕಿದ್ದಾಗಲಿ, ಕೆಟ್ಟುಹೋದ ಹಳೆಯ ಪಿಸ್ತೂಲುಗಳ ಸ್ಥಿತಿ ಹೆಚ್ಚುಕಡಿಮೆ ಒಂದೇ ರೀತಿ ಇರುತ್ತದೆ. ನಳಿಗೆಯ ತುಂಬ ಕೆಂಪು ತುಕ್ಕು, ಹ್ಯಾಮರ್ ಅಲುಗುವುದಿಲ್ಲ, ಮರ ಒಣಗಿ ಸೀಳಿದೆ, ಒಂದೆರಡು ಸ್ಕ್ರೂ ಕಾಣೆ. ನಡುವೆ ಎಂದೋ ಒಬ್ಬ ಪುಣ್ಯಾತ್ಮ ಕಬ್ಬಿಣ, ಮರ, ಹಿತ್ತಾಳೆ ಎನ್ನದೆ ಎಲ್ಲಕ್ಕೂ ಸೇರಿಸಿ ವಾರ್ನಿಷ್ ಬಳಿದಿರುತ್ತಾನೆ.

ಇಲ್ಲಿ ಉದಾಹರಣೆಗೆ ಇಟ್ಟುಕೊಂಡಿರುವುದು 1840ರ ಆಸುಪಾಸಿನ ಬರ್ಮಿಂಗ್‌ಹ್ಯಾಮ್ ಪಿಸ್ತೂಲು. ಬಾಯಿಯಿಂದ ಮದ್ದು ತುಂಬಿ, ನಳಿಗೆಯ ಹಿಂತುದಿಯ ನಿಪ್ಪಲ್ (ತೂತಿರುವ ಸಣ್ಣ ಮೊಳೆ) ಮೇಲೆ ತಾಮ್ರದ ಕೇಪು (ಪೆಟ್ಟು ಬಿದ್ದರೆ ಕಿಡಿ ಹೊಮ್ಮಿಸುವ ಪುಟ್ಟ ಟೊಪ್ಪಿ) ಇಟ್ಟು ಹೊಡೆಯುವ ಜಾತಿ. ಒಂದೇ ನಳಿಗೆ, ಬಲಗಡೆಗೆ ಲಾಕ್ (ಹ್ಯಾಮರನ್ನು ನಿಲ್ಲಿಸಿ ಬೀಳಿಸುವ ಯಂತ್ರ), ಅಕ್ರೋಟ್ ಮರದ ಹಿಡಿ. ಸ್ಕಾಟ್ಲೆಂಡಿನ ಪಾದ್ರಿ ಅಲೆಕ್ಸಾಂಡರ್ ಜಾನ್ ಫೋರ್ಸಿತ್ 1807ರಲ್ಲಿ ಪೆಟ್ಟು ಬಿದ್ದರೆ ಹೊತ್ತಿಕೊಳ್ಳುವ ಮದ್ದಿನ ಪೇಟೆಂಟ್ ಪಡೆದ ಮೇಲೆ ಚಕಮಕಿ ಕಲ್ಲಿನ ಕೋವಿಗಳ ಕಾಲ ನಿಧಾನಕ್ಕೆ ಮುಗಿಯುತ್ತ ಬಂತು. ಇಂಥವು ಸಾವಿರಗಟ್ಟಲೆ ತಯಾರಾದವು. ಈಗಲೂ ಸಿಗುತ್ತವೆ, ಒಳಗಿನ ಜೋಡಣೆ ಸರಳ. ಮೊದಲ ಕೆಲಸಕ್ಕೆ ಇದಕ್ಕಿಂತ ಒಳ್ಳೆಯದು ಸಿಗಲಿಕ್ಕಿಲ್ಲ.

‘ಕೆಲಸ ಮಾಡುವ ಸ್ಥಿತಿ’ ಎಂದರೆ ಇಲ್ಲಿ ಇಷ್ಟೇ: ಹ್ಯಾಮರ್ ಅರ್ಧ ಎಳೆದಾಗಲೂ ಪೂರ್ತಿ ಎಳೆದಾಗಲೂ ಗಟ್ಟಿಯಾಗಿ ನಿಲ್ಲಬೇಕು, ಟ್ರಿಗರ್ ಒತ್ತಿದಾಗ ಸಲೀಸಾಗಿ ಬಿಟ್ಟುಕೊಡಬೇಕು, ಎಲ್ಲ ಭಾಗಗಳೂ ಬಿಚ್ಚಿ ಜೋಡಿಸುವಂತಿರಬೇಕು. ಈಡು ಹೊಡೆಯುವ ಮಾತು ಇಲ್ಲಿಲ್ಲ. ಆ ಕಾಲದ ನಳಿಗೆಗಳಲ್ಲಿ ಹೆಚ್ಚಿನವು ಕಬ್ಬಿಣದ ಪಟ್ಟಿಯನ್ನು ಕುಲುಮೆಯಲ್ಲಿ ಕಾಯಿಸಿ ಬೆಸೆದು ಮಾಡಿದ ಕೊಳವೆಗಳು. ಆ ಬೆಸುಗೆಯೊಳಗೆ ನೂರೆಂಬತ್ತು ವರ್ಷದ ತುಕ್ಕು ಎಷ್ಟು ಆಳಕ್ಕೆ ಇಳಿದಿದೆ ಎಂದು ಹೊರಗಿನಿಂದ ನೋಡಿ ಹೇಳುವವರು ಯಾರೂ ಇಲ್ಲ.

ಮೊದಲು ಕಾನೂನು

ಭಾರತದಲ್ಲಿ ಇರುವವರು ಈ ಭಾಗ ಹಾರಿಸಬೇಡಿ. ‘ನೂರು ವರ್ಷ ಆಗಿದೆ, ಆಂಟಿಕ್ ಅಲ್ಲವೇ, ಲೈಸೆನ್ಸ್ ಯಾಕೆ’ ಎಂಬ ಮಾತು ಎಲ್ಲೆಡೆ ಓಡಾಡುತ್ತದೆ. 1959ರ ಶಸ್ತ್ರಾಸ್ತ್ರ ಕಾಯ್ದೆಯ 45ನೇ ಸೆಕ್ಷನ್ ಹಳೆಯ ಮಾದರಿಯ, ಪುರಾತನ ಮೌಲ್ಯದ ಅಥವಾ ಕೆಟ್ಟುಹೋದ ಆಯುಧಗಳಿಗೆ ವಿನಾಯಿತಿ ಕೊಡುವುದು ನಿಜ. ಜೊತೆಗೊಂದು ಷರತ್ತಿದೆ: ರಿಪೇರಿ ಮಾಡಿದರೂ ಮಾಡದಿದ್ದರೂ ಅದು ಬಂದೂಕಾಗಿ ಬಳಕೆಗೆ ಬರುವಂತಿರಬಾರದು. ರಿಪೇರಿಯಿಂದ ಸರಿಹೋಗಬಹುದಾದ ಪಿಸ್ತೂಲಿಗೆ ಈ ವಿನಾಯಿತಿ ಸಿಗುವುದಿಲ್ಲ. ಸೆಕ್ಷನ್ 5ರ ಪ್ರಕಾರ ಲೈಸೆನ್ಸ್ ಇಲ್ಲದೆ ಬಂದೂಕು ರಿಪೇರಿ ಮಾಡುವಂತೆಯೂ ಇಲ್ಲ. 2019ರ ತಿದ್ದುಪಡಿಯ ನಂತರ ಲೈಸೆನ್ಸ್ ಮೇಲೆ ಒಬ್ಬರು ಇಟ್ಟುಕೊಳ್ಳಬಹುದಾದ ಬಂದೂಕುಗಳು ಮೂರರಿಂದ ಎರಡಕ್ಕೆ ಇಳಿದಿವೆ. ಕೊಡವರಿಗೂ ಜಮ್ಮಾ (ಕೊಡಗಿನ ಪಾರಂಪರಿಕ ಜಮೀನು) ಹಿಡುವಳಿದಾರರಿಗೂ ಇರುವ ವಿನಾಯಿತಿಯ ದಾರಿಯೇ ಬೇರೆ, ಅದನ್ನು ಉಳಿದವರು ತಮಗೆ ಅನ್ವಯಿಸಿಕೊಳ್ಳಬಾರದು.

ಆದ್ದರಿಂದ ಅಟ್ಟದಲ್ಲಿ ಸಿಕ್ಕಿದ್ದಕ್ಕೆ ಕಾಗದಪತ್ರ ಇಲ್ಲದಿದ್ದರೆ ಮೊದಲು ವಕೀಲರೊಬ್ಬರನ್ನು ಕೇಳಿ, ಅವರ ಸಲಹೆಯಂತೆ ಪೊಲೀಸ್ ಠಾಣೆಗೋ ಜಿಲ್ಲಾಧಿಕಾರಿ ಕಚೇರಿಗೋ ತಿಳಿಸಿ. ಕಾಗದ ಸರಿಯಿದ್ದ ಮೇಲೆ ಮರ ಒರೆಸುವುದು, ಮೇಣ ಹಚ್ಚುವುದು, ಒಳ್ಳೆಯ ಜಾಗದಲ್ಲಿ ಇಡುವುದು ನಿಮ್ಮ ಕೈಕೆಲಸ. ಲಾಕ್ ಬಿಚ್ಚಿ ಸರಿಪಡಿಸುವ ಭಾಗ ಲೈಸೆನ್ಸ್ ಇರುವ ಕೋವಿ ರಿಪೇರಿಯವರದು. ಹಾಗಿದ್ದರೂ ಅದನ್ನು ಓದಿಕೊಂಡು ಹೋಗಿ. ಏನು ಮಾಡಿಸಬಾರದು ಎಂದು ಹೇಳುವುದಕ್ಕೆ ಬೇಕಾಗುತ್ತದೆ.

ಬ್ರಿಟನ್ನಿನಲ್ಲಿ ಇರುವ ಕನ್ನಡಿಗರಿಗೆ ದಾರಿ ಸುಲಭ. ಅಲ್ಲಿನ 1968ರ ಕಾಯ್ದೆಯ 58(2) ಸೆಕ್ಷನ್ ಪ್ರಕಾರ ಇಂಥ ಪುರಾತನ ಪಿಸ್ತೂಲನ್ನು ಅಲಂಕಾರದ ವಸ್ತುವಾಗಿ ಇಟ್ಟುಕೊಳ್ಳಬಹುದು. ಅಮೆರಿಕದ ಒಕ್ಕೂಟ ಕಾನೂನಿನಲ್ಲಿ 1898ರಲ್ಲಿ ಅಥವಾ ಅದಕ್ಕೂ ಮೊದಲು ತಯಾರಾದದ್ದು ಆಂಟಿಕ್, ಆದರೆ ರಾಜ್ಯ ರಾಜ್ಯಕ್ಕೆ ನಿಯಮ ಬದಲಾಗುತ್ತದೆ. ಅಲ್ಲಿ ಕೊಂಡು ಸೂಟ್‌ಕೇಸಿನಲ್ಲಿ ಊರಿಗೆ ತರುವ ಯೋಚನೆ ಬೇಡವೇ ಬೇಡ. ಹಾಗೆಯೇ ನೂರು ವರ್ಷ ದಾಟಿದ್ದನ್ನು ಇಲ್ಲಿಂದ ಹೊರದೇಶಕ್ಕೆ ಒಯ್ಯುವುದಕ್ಕೆ 1972ರ ಪುರಾತನ ವಸ್ತುಗಳ ಕಾಯ್ದೆ ಅಡ್ಡ ಬರುತ್ತದೆ.

ಒಳಗೆ ಈಡು ಇದೆಯೇ?

ಇದು ತಿಳಿಯುವ ತನಕ ಸ್ಕ್ರೂ ಮುಟ್ಟಬಾರದು, ಬೆಂಕಿಯ ಹತ್ತಿರ ಒಯ್ಯಬಾರದು, ನಳಿಗೆಯ ಬಾಯಿ ಯಾರ ಕಡೆಗೂ ತಿರುಗಿರಬಾರದು. ಕರಿಮದ್ದು ಒಣಗಿದ್ದರೆ ನೂರು ವರ್ಷದ ಮೇಲೂ ಹೊತ್ತಿಕೊಳ್ಳುತ್ತದೆ. ಹಳೆಯ ಮನೆಗಳಲ್ಲಿ ಸಿಗುವ ಕೋವಿಗಳಲ್ಲಿ ಈಡು ಹಾಗೇ ಉಳಿದಿರುವುದು ಅಪರೂಪವೇನಲ್ಲ.

ನಿಪ್ಪಲ್ ಮೇಲೆ ಹಳೆಯ ಕೇಪು ಅಂಟಿಕೊಂಡಿದೆಯೇ ನೋಡಿ. ಇದ್ದರೆ ಕೀಳಲು ಹೋಗದೆ ಅಲ್ಲಿಗೇ ನಿಲ್ಲಿಸಿ, ತಿಳಿದವರಿಗೆ ಒಪ್ಪಿಸಿ. ಇಲ್ಲದಿದ್ದರೆ ತೆಳ್ಳಗಿನ ಮರದ ಕಡ್ಡಿಯೊಂದನ್ನು ಬಾಯಿಯ ನೇರಕ್ಕೆ ನಿಲ್ಲದೆ ಪಕ್ಕದಿಂದ ನಳಿಗೆಯೊಳಗೆ ತಳ ತಾಗುವಷ್ಟು ಇಳಿಸಿ, ಬಾಯಿಯ ಅಂಚಿನಲ್ಲಿ ಪೆನ್ಸಿಲ್ ಗುರುತು ಹಾಕಿ. ಕಡ್ಡಿ ಹೊರತೆಗೆದು ಅದೇ ಗುರುತನ್ನು ಬಾಯಿಗೆ ಹಿಡಿದು ನಳಿಗೆಯ ಹೊರಮೈಗೆ ಒರಗಿಸಿ ಅಳೆಯಿರಿ. ಕಡ್ಡಿಯ ತುದಿ ನಿಪ್ಪಲ್‌ನ ಬುಡದವರೆಗೆ ಬಂದರೆ ನಳಿಗೆ ಖಾಲಿ. ಅದಕ್ಕಿಂತ ಹಿಂದೆಯೇ ನಿಂತರೆ ಒಳಗೆ ಏನೋ ಇದೆ. ಕಡಜ ಕಟ್ಟಿದ ಮಣ್ಣಿನ ಗೂಡೂ ಇರಬಹುದು, ಮದ್ದು ಗುಂಡೂ ಇರಬಹುದು. ಈಡೇ ಎಂದು ತಿಳಿದು ನಡೆಯಿರಿ. ಡ್ರಿಲ್ ಹಾಕುವುದು, ಕಾಯಿಸುವುದು, ಕಬ್ಬಿಣದ ಸರಳಿನಿಂದ ಕುಟ್ಟುವುದು ಯಾವುದೂ ಬೇಡ. ಈಡು ತೆಗೆಯುವುದು ಲೈಸೆನ್ಸ್ ಇರುವ ಕೋವಿ ರಿಪೇರಿಯವರ ಕೆಲಸ.

ಬಿಚ್ಚುವ ಮೊದಲು ನೋಡಿ

ಕೈಯಲ್ಲಿ ಸ್ಕ್ರೂಡ್ರೈವರ್ ಹಿಡಿದುಕೊಂಡೇ ಕೂರುವವರಿಂದ ಹಾಳಾದ ಪಿಸ್ತೂಲುಗಳು ತುಕ್ಕಿನಿಂದ ಹಾಳಾದವುಗಳಿಗಿಂತ ಹೆಚ್ಚು ಎನ್ನುವುದು ನನ್ನ ಗಟ್ಟಿ ಅಭಿಪ್ರಾಯ. ಎಲ್ಲ ಬದಿಯಿಂದ ಫೋಟೊ ತೆಗೆಯಿರಿ. ಓರೆಯಾಗಿ ಟಾರ್ಚ್ ಬೆಳಕು ಬಿಟ್ಟರೆ ತುಕ್ಕಿನ ಕೆಳಗಿರುವ ಕೆತ್ತನೆ, ತಯಾರಕನ ಹೆಸರು, ಪ್ರೂಫ್ ಗುರುತುಗಳು (ನಳಿಗೆ ಪರೀಕ್ಷೆಯಲ್ಲಿ ತೇರ್ಗಡೆಯಾದ ಮುದ್ರೆಗಳು) ಏಳುತ್ತವೆ.

ಬರ್ಮಿಂಗ್‌ಹ್ಯಾಮ್‌ನ ಪ್ರೂಫ್ ಹೌಸ್ ಹುಟ್ಟಿದ್ದು 1813ರ ಕಾಯ್ದೆಯಿಂದ. ಅಲ್ಲಿ ಪರೀಕ್ಷೆಯಾದ ನಳಿಗೆಯ ಮೇಲೆ ಕಿರೀಟ, ಅದರಡಿಯಲ್ಲಿ ಅಡ್ಡಡ್ಡ ಇಟ್ಟ ಎರಡು ರಾಜದಂಡ, ಜೊತೆಗೆ ಬಿ, ಪಿ, ಸಿ ಅಕ್ಷರಗಳು ಅಥವಾ ವಿ ಅಕ್ಷರ ಕಾಣುತ್ತವೆ. ಲಂಡನ್ನಿನದಾದರೆ ಕಿರೀಟದಡಿ ಜಿ, ಪಿ. ಈಸ್ಟ್ ಇಂಡಿಯಾ ಕಂಪನಿಯ ಆಯುಧವಾದರೆ 1808ರ ನಂತರದ ಲಾಕ್‌ಗಳ ಮೇಲೆ ಹಿಂಗಾಲಲ್ಲಿ ನಿಂತ ಸಿಂಹವಿರುತ್ತದೆ, ಅದಕ್ಕೂ ಹಿಂದಿನದಾದರೆ ಹೃದಯದಾಕಾರದ ಕಂಪನಿ ಮುದ್ರೆ. ಲಾಕ್ ತಗಡಿನ ಮೇಲೆ ಮುಚ್ಚಿದ ಹಳೆಯ ತೂತುಗಳು ಕಂಡರೆ ಅದು ಚಕಮಕಿಯಿಂದ ಕೇಪಿಗೆ ಪರಿವರ್ತನೆಯಾದ ಪಿಸ್ತೂಲು. 1830-40ರ ದಶಕಗಳಲ್ಲಿ ಹೀಗೆ ಬದಲಾಯಿಸಿಕೊಂಡವರು ಬಹಳ. ಅದನ್ನು ‘ಮೂಲ ರೂಪಕ್ಕೆ’ ತರುತ್ತೇನೆಂದು ಹೊರಡಬೇಡಿ, ಆ ಪರಿವರ್ತನೆಯೂ ಅದರ ಚರಿತ್ರೆಯೇ.

ಕಿರೀಟದ ಕೆಳಗೆ ‘ಟವರ್’ (ಲಂಡನ್ನಿನ ಸರ್ಕಾರಿ ಶಸ್ತ್ರಾಗಾರದ ಹೆಸರು) ಎಂದು ಅಚ್ಚಾಗಿ, ಅಕ್ಷರಗಳು ಸೊಟ್ಟಗಿದ್ದು, ಸ್ಕ್ರೂಗಳು ಯಂತ್ರದಲ್ಲಿ ಮಾಡಿದಂತೆ ಕಂಡರೆ ಸಂಶಯಪಡಿ. ಪ್ರವಾಸಿಗರಿಗೆಂದು ಇತ್ತೀಚೆಗೆ ಮಾಡಿದ ನಕಲುಗಳು ಧಾರಾಳವಾಗಿವೆ. ತುಕ್ಕನ್ನು ಬೇಕೆಂದೇ ಬರಿಸಿರುತ್ತಾರೆ.

ಇನ್ನೊಂದು ಸಂಗತಿ: ಮಣ್ಣಿನಿಂದ ಅಥವಾ ಬಾವಿಯಿಂದ ಮೇಲೆತ್ತಿದ ಕಬ್ಬಿಣ ಬೇರೆಯೇ ರೋಗಿ. 2018ರಲ್ಲಿ ಶಿವಮೊಗ್ಗ ಜಿಲ್ಲೆಯ ನಗರ ಎಂಬ ಊರಿನ ಹಾಳುಬಾವಿಯೊಂದರಲ್ಲಿ ಟಿಪ್ಪು ಕಾಲದ ಸಾವಿರಕ್ಕೂ ಹೆಚ್ಚು ರಾಕೆಟ್ ಕೊಳವೆಗಳು ಸಿಕ್ಕಿದ್ದು ಬಹಳ ಜನರಿಗೆ ನೆನಪಿರಬಹುದು. ಹೂತುಹೋಗಿದ್ದ ಇಂಥ ಕಬ್ಬಿಣದ ಒಳಗೆ ಉಪ್ಪಿನ ಅಂಶ ಇಳಿದಿರುತ್ತದೆ. ಹೊರಗಿನ ತುಕ್ಕು ತೆಗೆದು ಎಣ್ಣೆ ಹಚ್ಚಿದರೂ ಕೆಲವೇ ತಿಂಗಳಲ್ಲಿ ಪದರಪದರವಾಗಿ ಎದ್ದು ಉದುರುತ್ತದೆ. ಅದು ಪುರಾತತ್ವ ಇಲಾಖೆಯ ಸೊತ್ತು, ಪ್ರಯೋಗಾಲಯದ ಕೆಲಸ. ಈ ಬರಹ ಮನೆಯೊಳಗೆ ಇದ್ದು ತುಕ್ಕು ಹಿಡಿದವುಗಳಿಗೆ ಮಾತ್ರ.

ಬಿಚ್ಚುವ ಕ್ರಮ

ಬೇಕಾದ ಸಾಮಾನು ಹೆಚ್ಚಿಲ್ಲ: ಒಳ್ಳೆಯ ಸ್ಕ್ರೂಡ್ರೈವರ್‌ಗಳು, ಹಿತ್ತಾಳೆಯ ಸಣ್ಣ ಗೂಟಗಳು, ನೈಲಾನ್ ಅಥವಾ ಮರದ ಸುತ್ತಿಗೆ, ಮೇನ್‌ಸ್ಪ್ರಿಂಗ್ ಹಿಡಿಯಲು ಸಣ್ಣ ಕ್ಲಾಂಪು, ಒಂದು ರಟ್ಟಿನ ಹಾಳೆ. ರಟ್ಟಿನ ಮೇಲೆ ಪಿಸ್ತೂಲಿನ ಚಿತ್ರ ಬರೆದು, ತೆಗೆದ ಪ್ರತಿ ಸ್ಕ್ರೂವನ್ನೂ ಅದರದೇ ಜಾಗದಲ್ಲಿ ಚುಚ್ಚಿಡಿ. ಆ ಕಾಲದಲ್ಲಿ ಸ್ಕ್ರೂಗಳನ್ನು ಒಂದೊಂದಾಗಿ ಕೈಯಲ್ಲಿ ಮಾಡಿ ಕೂರಿಸುತ್ತಿದ್ದರು. ಒಂದರ ಜಾಗಕ್ಕೆ ಇನ್ನೊಂದು ಹೋಗುವುದಿಲ್ಲ, ಒತ್ತಾಯ ಮಾಡಿದರೆ ಮರೆ (ಸ್ಕ್ರೂವಿನ ಸುರುಳಿ ಗೆರೆ) ಹಾಳಾಗುತ್ತದೆ.

ಸ್ಕ್ರೂಡ್ರೈವರಿನ ಬಾಯಿ ಸ್ಕ್ರೂ ತಲೆಯ ಗಾಡಿಯಲ್ಲಿ (ಸೀಳಿನಲ್ಲಿ) ಅಲುಗಾಡದೆ, ತಳದ ತನಕ ಕೂರಬೇಕು. ಹಳೆಯ ಗಾಡಿಗಳು ಬಹಳ ಕಿರಿದು. ಅಂಗಡಿಯಲ್ಲಿ ಸಿಗುವ ಡ್ರೈವರಿನ ಬಾಯಿ ಬೆಣೆಯಾಕಾರದಲ್ಲಿ ಇರುವುದರಿಂದ ಮೇಲಂಚನ್ನು ಮಾತ್ರ ಹಿಡಿದು ತಿರುವಿದ ಕೂಡಲೇ ಜಾರುತ್ತದೆ. ಎರಡು ಬದಿಯನ್ನೂ ಅರದಿಂದ ಉಜ್ಜಿ ಸಮಾನಾಂತರ ಮಾಡಿಕೊಳ್ಳಿ. ಒಂದು ಸಂಜೆಯೆಲ್ಲ ಇದಕ್ಕೇ ಹೋದರೂ ನಷ್ಟವಿಲ್ಲ.

ಗಜ (ಮದ್ದು ಜಡಿಯುವ ಕೋಲು) ಹೊರಬರುವಂತಿದ್ದರೆ ಮೊದಲು ಅದು. ಅಂಟಿಕೊಂಡಿದ್ದರೆ ಇಕ್ಕಳದಲ್ಲಿ ಹಿಡಿದು ಎಳೆಯಬೇಡಿ, ನಳಿಗೆ ತೆಗೆದ ಮೇಲೆ ಅದಾಗಿಯೇ ಸಡಿಲವಾಗುವುದುಂಟು. ನಂತರ ಲಾಕ್. ಹ್ಯಾಮರ್ ಅಲುಗುವುದಾದರೆ ಅರ್ಧಕ್ಕೆ ನಿಲ್ಲಿಸಿಕೊಳ್ಳಿ. ಎಡಬದಿಯಿಂದ ಬರುವ ಲಾಕ್ ಸ್ಕ್ರೂವನ್ನು ನಾಲ್ಕೈದು ಸುತ್ತು ಸಡಿಲಿಸಿ, ಪೂರ್ತಿ ತೆಗೆಯದೆ, ಅದರ ತಲೆಯ ಮೇಲೆ ಮರದ ಸುತ್ತಿಗೆಯಿಂದ ಮೆಲ್ಲಗೆ ತಟ್ಟಿ. ಬಲಗಡೆ ಲಾಕ್ ತಗಡು ಮರದಿಂದ ಕೂದಲೆಳೆಯಷ್ಟು ಮೇಲೇಳುತ್ತದೆ. ಅಂಚಿಗೆ ಡ್ರೈವರ್ ಹಾಕಿ ಎಬ್ಬಿದರೆ ಮರದ ಸಿಬಿರು ಜೊತೆಯಲ್ಲೇ ಬರುತ್ತದೆ. ಹಾಗಾಗಿ ತಟ್ಟಿಯೇ ತೆಗೆಯಬೇಕು.

ನಳಿಗೆ ಹಿಡಿದುಕೊಂಡಿರುವುದು ಮುಂಭಾಗದಲ್ಲಿ ಅಡ್ಡ ಹಾಯುವ ಚಪ್ಪಟೆ ಕೀಲಿನಿಂದ.  ಎರಡೂ ತುದಿ ನೋಡಿ, ತಲೆ ಇರುವ ಬದಿಗೆ ಹೊರಬರುವಂತೆ ತಟ್ಟಿ. ಹಿಂಭಾಗದಲ್ಲಿ ಕೊಕ್ಕೆಯಿದ್ದರೆ ನಳಿಗೆಯ ಬಾಯಿಯ ಕಡೆ ಎತ್ತಿದಾಗ ಕಳಚಿಕೊಳ್ಳುತ್ತದೆ. ಕೊಕ್ಕೆ ಇಲ್ಲದಿದ್ದರೆ ಹಿಡಿಯ ಮೇಲಿನ ಸ್ಕ್ರೂ ತೆಗೆಯಬೇಕು.

ಸ್ಕ್ರೂ ತಿರುಗದಿದ್ದರೆ ಅಸಿಟೋನ್ ಮತ್ತು ಕಾರಿನ ಆಟೊಮ್ಯಾಟಿಕ್ ಗೇರಿನ ಎಣ್ಣೆಯನ್ನು ಸಮಸಮ ಬೆರೆಸಿದ ದ್ರವವನ್ನು ಸೂಜಿಯ ತುದಿಯಿಂದ ಒಂದೊಂದೇ ಹನಿ ಬಿಡಿ. ಪ್ರತಿ ಸಲ ಕುಲುಕಬೇಕು, ಇಲ್ಲದಿದ್ದರೆ ಬೇರ್ಪಡುತ್ತದೆ. ಬೇಗ ಬೆಂಕಿ ಹಿಡಿಯುವಂಥದ್ದು, ವಾರ್ನಿಷನ್ನೂ ಕರಗಿಸುತ್ತದೆ, ಮರಕ್ಕೆ ತಾಗದಂತೆ ನೋಡಿಕೊಳ್ಳಿ. ಒಂದು ದಿನ ಬಿಟ್ಟು ಮತ್ತೊಂದು ಹನಿ. ದ್ರವ ಪೂರ್ತಿ ಆರಿದ ಮೇಲೆ ಸೋಲ್ಡರಿಂಗ್ ಐರನ್ನಿನ ಬಿಸಿ ತುದಿಯನ್ನು ಸ್ಕ್ರೂ ತಲೆಗೆ ಅರ್ಧ ನಿಮಿಷ ಒತ್ತಿ ಆರಲು ಬಿಟ್ಟರೆ ಹಿಗ್ಗಿ ಕುಗ್ಗುವಾಗ ತುಕ್ಕಿನ ಹಿಡಿತ ಒಡೆಯುತ್ತದೆ. ನಳಿಗೆ ಖಾಲಿ ಎಂದು ಖಾತ್ರಿಯಾದ ಮೇಲೆ ಮಾತ್ರ ಈ ಉಪಾಯ. ಕಡೆಗೆ ಬಿಚ್ಚುವ ದಿಕ್ಕಿನ ಬದಲು ಮೊದಲು ಬಿಗಿಯುವ ದಿಕ್ಕಿಗೆ ಒಂದಿಷ್ಟು ತಿರುವಿ ನೋಡಿ, ಹಲವು ಹಟಮಾರಿ ಸ್ಕ್ರೂಗಳು ಹಾಗೆ ಬಗ್ಗುತ್ತವೆ.

ನಿಪ್ಪಲ್ ಬರದಿದ್ದರೆ ಬಿಟ್ಟುಬಿಡಿ. ಅಲಂಕಾರಕ್ಕೆ ಇಡುವ ಪಿಸ್ತೂಲಿನಲ್ಲಿ ಅದನ್ನು ಕಿತ್ತು ಸಾಧಿಸುವುದೇನೂ ಇಲ್ಲ, ಮುರಿದರೆ ಮಾತ್ರ ದೊಡ್ಡ ಕಷ್ಟ.

ಲಾಕ್‌ನ ಒಳಗೆ

ಲಾಕ್ ತಗಡನ್ನು ಮಗುಚಿದರೆ ಇಡೀ ಯಂತ್ರ ಕಾಣುತ್ತದೆ. ಉದ್ದನೆಯ ‘ವಿ’ ಆಕಾರದ ಮೇನ್‌ಸ್ಪ್ರಿಂಗ್. ಹ್ಯಾಮರಿನ ಅಚ್ಚಿಗೆ ಸೇರಿದ ಟಂಬ್ಲರ್, ಅದರಲ್ಲಿ ಎರಡು ಕಚ್ಚು: ಆಳವಾದದ್ದು ಅರ್ಧ ನಿಲುವಿಗೆ, ಮೇಲುಮೇಲಿನದು ಪೂರ್ತಿ ನಿಲುವಿಗೆ. ಆ ಕಚ್ಚುಗಳಿಗೆ ಸಿಕ್ಕಿಕೊಳ್ಳುವ ಸಿಯರ್, ಅದನ್ನು ಒತ್ತಿಹಿಡಿಯುವ ಸಣ್ಣ ಸ್ಪ್ರಿಂಗ್. ಇವೆಲ್ಲವನ್ನು ಸೇರಿಸಿ ಹಿಡಿದಿರುವ ಬ್ರಿಡ್ಲ್ ಎಂಬ ಪುಟ್ಟ ತಗಡು. ಕೇಪಿನ ಲಾಕ್‌ಗಳಲ್ಲಿ ಮೇನ್‌ಸ್ಪ್ರಿಂಗಿಗೂ ಟಂಬ್ಲರಿಗೂ ನಡುವೆ ಸಣ್ಣ ಕೊಂಡಿಯೊಂದು ಇರುವುದುಂಟು, ಬೆರಳ ಸಂದಿಯಿಂದ ಉದುರಿ ಕಳೆದುಹೋಗುವುದು ಅದೇ.

ಬಿಚ್ಚುವಾಗ ಮೇನ್‌ಸ್ಪ್ರಿಂಗ್ ಮೊದಲು. ಹ್ಯಾಮರನ್ನು ಪೂರ್ತಿ ಎಳೆದು ನಿಲ್ಲಿಸಿ, ಸ್ಪ್ರಿಂಗಿನ ಎರಡು ತೋಳುಗಳನ್ನು ಕ್ಲಾಂಪಿನಲ್ಲಿ ಹಿಡಿಯಿರಿ. ಈಗಾಗಲೇ ಬಾಗಿರುವಷ್ಟು ಹಿಡಿದರೆ ಸಾಕು, ಇನ್ನೂ ಬಿಗಿಯಬೇಡಿ. ಹೆಬ್ಬೆರಳಿನಿಂದ ಹ್ಯಾಮರ್ ಹಿಡಿದುಕೊಂಡು ಸಿಯರ್ ಒತ್ತಿ ಮೆಲ್ಲಗೆ ಇಳಿಸಿದರೆ ಸ್ಪ್ರಿಂಗ್ ಸಡಿಲವಾಗಿ ಕೈಗೆ ಬರುತ್ತದೆ. ಇದು ಹಾರಿದರೆ ಕಣ್ಣು ಹೋಗುವಷ್ಟು ಬಲವಿರುತ್ತದೆ, ಕನ್ನಡಕ ಕಡ್ಡಾಯ. ಹ್ಯಾಮರ್ ತುಕ್ಕಿನಿಂದ ಕಚ್ಚಿಕೊಂಡಿದ್ದರೆ ಇಡೀ ಲಾಕನ್ನು ಎಣ್ಣೆಯಲ್ಲಿ ವಾರಗಟ್ಟಲೆ ಮುಳುಗಿಸಿಡಿ. ಅವಸರ ಬೇಡ.

ಆಮೇಲೆ ಸಿಯರಿನ ಸ್ಪ್ರಿಂಗ್, ಸಿಯರ್, ಬ್ರಿಡ್ಲ್, ಈ ಕ್ರಮದಲ್ಲಿ. ಕೊನೆಗೆ ಹ್ಯಾಮರ್. ಅದರ ಸ್ಕ್ರೂ ತೆಗೆದು, ಆ ತೂತಿನೊಳಗೆ ಸಡಿಲವಾಗಿ ಹೋಗುವ ಹಿತ್ತಾಳೆಯ ಗೂಟವಿಟ್ಟು ಟಂಬ್ಲರನ್ನು ಒಳಮುಖವಾಗಿ ತಟ್ಟಿದರೆ ಎರಡೂ ಬೇರೆಯಾಗುತ್ತವೆ. ಹ್ಯಾಮರಿನ ಕೆಳಗೆ ಡ್ರೈವರ್ ತೂರಿಸಿ ಎಬ್ಬಿದ ಗಾಯಗಳನ್ನು ಎಷ್ಟೋ ಪಿಸ್ತೂಲುಗಳಲ್ಲಿ ನೋಡಬಹುದು.

ತುಕ್ಕು

ಎಲ್ಲ ತುಕ್ಕೂ ಶತ್ರುವಲ್ಲ. ಕೆಂಪಗೆ ಪುಡಿಪುಡಿಯಾಗಿ ಬೆರಳಿಗೆ ಅಂಟುವುದು ಇನ್ನೂ ಕಬ್ಬಿಣವನ್ನು ತಿನ್ನುತ್ತಿದೆ. ಗಟ್ಟಿಯಾಗಿ ಕಪ್ಪಗೋ ಕಾಫಿ ಬಣ್ಣದಲ್ಲೋ ಮೈಗೆ ಅಂಟಿ ನಿಂತದ್ದು ಕಬ್ಬಿಣಕ್ಕೆ ರಕ್ಷಣೆ. ಮೊದಲನೆಯದನ್ನು ತೆಗೆದು ಎರಡನೆಯದನ್ನು ಉಳಿಸುವುದೇ ಈ ಕೆಲಸದ ಜಾಣತನ. ಗ್ರೈಂಡರಿಗೆ ತಂತಿ ಬ್ರಷ್ ಸಿಕ್ಕಿಸಿ ಬೆಳ್ಳಗೆ ಹೊಳೆಯುವಂತೆ ಮಾಡಿದರೆ ಪ್ರೂಫ್ ಗುರುತಿನ ಅಂಚು, ಕೆತ್ತನೆ, ಮೂಲೆಗಳ ಚೂಪು ಎಲ್ಲ ಸವೆದು ಪಿಸ್ತೂಲು ಸೋಪಿನ ತುಂಡಿನಂತೆ ನುಣ್ಣಗಾಗುತ್ತದೆ. ಮಾರುಕಟ್ಟೆಯಲ್ಲಿ ಬೆಲೆಯೂ ಬಿದ್ದುಹೋಗುತ್ತದೆ, ಸಂಗ್ರಾಹಕರು ಅಂಥದ್ದನ್ನು ಮುಟ್ಟುವುದಿಲ್ಲ.

ಮೊದಲು ಎಣ್ಣೆ ಮತ್ತು ತಾಳ್ಮೆ. ತೆಳು ಎಣ್ಣೆ ಹಚ್ಚಿ ರಾತ್ರಿಯಿಡೀ ಬಿಟ್ಟು, ಬೆಳಿಗ್ಗೆ ಹಿತ್ತಾಳೆ ಅಥವಾ ತಾಮ್ರದ ಚೂರಿನ ಅಂಚಿನಿಂದ ಉಬ್ಬಿದ ತುಕ್ಕನ್ನು ಕೆರೆಯಿರಿ. ಹಿತ್ತಾಳೆ ಕಬ್ಬಿಣಕ್ಕಿಂತ ಮೆದು, ಗೀರು ಬೀಳುವುದಿಲ್ಲ. ಕೆತ್ತನೆಯ ಸಂದಿಗಳಿಗೆ ಬಿದಿರಿನ ಕಡ್ಡಿ. ನಂತರ ‘0000’ ನಂಬರಿನ ಅತಿ ನಯವಾದ ಸ್ಟೀಲ್ ವುಲ್ ಎಣ್ಣೆಯ ಜೊತೆ, ಬೆರಳಿನ ಭಾರದಷ್ಟೇ ಒತ್ತಡದಲ್ಲಿ. ಹತ್ತರಲ್ಲಿ ಏಳೆಂಟು ಪಿಸ್ತೂಲಿಗೆ ಇಷ್ಟೇ ಸಾಕು ಎನ್ನುತ್ತೇನೆ.

ಸಾಲದಿದ್ದರೆ ಕುದಿಸುವುದು. ಅಸಿಟೋನಿನಿಂದ ಎಣ್ಣೆಯಂಶ ಪೂರ್ತಿ ತೆಗೆದು, ವಾಸನೆಯೂ ಉಳಿಯದಂತೆ ಒಣಗಿಸಿದ ಭಾಗವನ್ನು ಡಿಸ್ಟಿಲ್ಡ್ ನೀರಿನಲ್ಲಿ ಅರ್ಧ ಗಂಟೆ ಕುದಿಸಿದರೆ ಕೆಂಪು ತುಕ್ಕು ಕಪ್ಪು ಆಕ್ಸೈಡ್ ಆಗಿ ಬದಲಾಗುತ್ತದೆ. ಮೇಲೆ ನಿಂತ ಕರಿಮಸಿಯಂಥದ್ದನ್ನು ಎಣ್ಣೆಯಿಲ್ಲದ ಸ್ಟೀಲ್ ವುಲ್‌ನಿಂದ ಒರೆಸಿ, ಮತ್ತೆ ಕುದಿಸಿ. ಮೂರ್ನಾಲ್ಕು ಸಲ ಹೀಗೆ ಮಾಡಿದರೆ ಗುಳಿಗಳ ಒಳಗೂ ಬಣ್ಣ ತಿರುಗುತ್ತದೆ. ಬೋರ್‌ವೆಲ್ ನೀರು ಬಳಸಿದರೆ ಉಪ್ಪಿನ ಕಲೆ ಕೂರುತ್ತದೆ, ಬ್ಯಾಟರಿಗೆ ಹಾಕುವ ನೀರೇ ಬೇಕು. ಒಂದು ಎಚ್ಚರಿಕೆ: ನಳಿಗೆಯ ಮೇಲೆ ಮೂಲದ ಕಂದು ಬಣ್ಣ ಇನ್ನೂ ಉಳಿದಿದ್ದರೆ ಕುದಿಸಬೇಡಿ. ಅದೂ ಬೇಕೆಂದೇ ಬರಿಸಿದ ತುಕ್ಕೇ, ಕುದಿನೀರಿಗೆ ಬಿದ್ದರೆ ಕಪ್ಪಾಗಿಬಿಡುತ್ತದೆ. ನಳಿಗೆಯಲ್ಲಿ ಸುರುಳಿ ಸುರುಳಿಯಾದ ಗೆರೆ ಕಂಡರೆ ಅದು ಕಬ್ಬಿಣ, ಉಕ್ಕು ಸೇರಿಸಿ ಹೆಣೆದ ಡಮಾಸ್ಕಸ್ ನಳಿಗೆ. ಅದಕ್ಕೆ ಎಣ್ಣೆ ಬಿಟ್ಟು ಬೇರೇನೂ ಬೇಡ.

ವಿದ್ಯುತ್ ಹರಿಸಿ ತುಕ್ಕು ಬಿಡಿಸುವ ವಿಧಾನದ ಬಗ್ಗೆ ಅಂತರ್ಜಾಲದಲ್ಲಿ ಬಹಳ ಉತ್ಸಾಹವಿದೆ. ಪ್ಲಾಸ್ಟಿಕ್ ಬಕೆಟ್, ನಾಲ್ಕು ಲೀಟರಿಗೆ ಒಂದು ದೊಡ್ಡ ಚಮಚ ವಾಷಿಂಗ್ ಸೋಡಾ, 12 ವೋಲ್ಟಿನ ಬ್ಯಾಟರಿ ಚಾರ್ಜರ್. ಋಣ ತಂತಿ ಪಿಸ್ತೂಲಿನ ಭಾಗಕ್ಕೆ, ಧನ ತಂತಿ ಬಲಿಯಾಗುವ ಕಬ್ಬಿಣದ ತುಂಡಿಗೆ, ಎರಡೂ ಒಂದಕ್ಕೊಂದು ತಾಗಬಾರದು. ಇದು ಕೆಲಸ ಮಾಡುತ್ತದೆ, ಕಬ್ಬಿಣವನ್ನು ತಿನ್ನುವುದಿಲ್ಲ. ಆದರೆ ರಕ್ಷಣೆಯ ಕಪ್ಪು ಪದರವನ್ನೂ ಬಿಡದೆ ತೆಗೆದು ಬೂದುಬಣ್ಣದ ಬೋಳು ಕಬ್ಬಿಣ ಉಳಿಸುತ್ತದೆ. ತುಕ್ಕಿನ ಗಡ್ಡೆಯಾಗಿ ಬೇರೆ ಗತಿಯಿಲ್ಲದ ನಳಿಗೆಗೆ ಮಾತ್ರ ಸೈ. ಸ್ಪ್ರಿಂಗುಗಳನ್ನು ಇದಕ್ಕೂ ಹಾಕಬೇಡಿ, ಯಾವ ಆಮ್ಲಕ್ಕೂ ಹಾಕಬೇಡಿ. ಹೈಡ್ರೋಜನ್ ಒಳಸೇರಿದ ಗಟ್ಟಿ ಉಕ್ಕು ಮೊದಲ ಒತ್ತಡಕ್ಕೇ ಮುರಿಯುತ್ತದೆ. ಧನ ತಂತಿಗೆ ಸ್ಟೇನ್‌ಲೆಸ್ ಸ್ಟೀಲ್ ಚಮಚ ಕಟ್ಟಿದರೆ ಕ್ರೋಮಿಯಂ ವಿಷ ನೀರಿಗಿಳಿಯುತ್ತದೆ. ಏಳುವ ಗುಳ್ಳೆಗಳಲ್ಲಿ ಹೈಡ್ರೋಜನ್ ಇರುವುದರಿಂದ ಬಯಲಿನಲ್ಲೇ ಮಾಡಬೇಕು. ವಿನೆಗರ್, ಹುಣಸೆಹುಳಿ, ನಿಂಬೆರಸ ಕೂಡ ಆಮ್ಲವೇ, ತುಕ್ಕಿನ ಜೊತೆ ಒಳ್ಳೆಯ ಕಬ್ಬಿಣವನ್ನೂ ತಿನ್ನುತ್ತವೆ.

ನಳಿಗೆಯ ಒಳಗೆ ನೈಲಾನ್ ಬ್ರಷ್, ಎಣ್ಣೆ, ಬಟ್ಟೆ. ಹಳೆಯ ಸೀಸದ ಮಸಿ ಬರುತ್ತದೆ. ಕೈಗವಸು ಹಾಕಿಕೊಳ್ಳಿ, ಊಟಕ್ಕೆ ಮೊದಲು ಕೈ ತೊಳೆಯಿರಿ. ಒಳಗೋಡೆ ಗುಳಿಬಿದ್ದಿದ್ದರೆ ಹಾಗೇ ಇರಲಿ.

ಹಿತ್ತಾಳೆ, ಬೆಳ್ಳಿಯ ಭಾಗಗಳನ್ನು ಮೆತ್ತನೆಯ ಬಟ್ಟೆಯಲ್ಲಿ ಒರೆಸಿದರೆ ಸಾಕು. ಪೀತಾಂಬರಿ ಹಾಕಿ ದೇವರ ದೀಪದಂತೆ ಬೆಳಗಿಸುವ ಆಸೆ ತಡೆದುಕೊಳ್ಳಿ.

ಮರ

ಹಳೆಯ ವಾರ್ನಿಷ್ ಮೂಲದ್ದಲ್ಲ ಎಂದು ಖಾತ್ರಿಯಾದರೆ ಮಾತ್ರ ತೆಗೆಯಿರಿ, ಮದ್ಯಸಾರದಲ್ಲಿ ಅದ್ದಿದ ಬಟ್ಟೆಯಿಂದ ಸ್ವಲ್ಪ ಸ್ವಲ್ಪವಾಗಿ. ಮರಳುಕಾಗದ ಮುಟ್ಟಲೇಬೇಡಿ. ಮರದ ಮಟ್ಟ ಲೋಹದ ಮಟ್ಟಕ್ಕಿಂತ ಕೆಳಗಿಳಿದರೆ ಮತ್ತೆಂದೂ ಸರಿಯಾಗದು. ಲಾಕ್‌ನ ಸುತ್ತ ಎಣ್ಣೆ ಕುಡಿದು ಕಪ್ಪಾಗಿ ಮೆತ್ತಗಾದ ಮರಕ್ಕೆ ಸೀಮೆಸುಣ್ಣದ ಪುಡಿಯನ್ನು ಅಸಿಟೋನಿನಲ್ಲಿ ಕಲಸಿ ಲೇಪಿಸಿ. ಒಣಗುವಾಗ ಎಣ್ಣೆಯನ್ನು ಮೇಲೆ ಎಳೆದುಕೊಳ್ಳುತ್ತದೆ. ಹಲವು ಸಲ ಮಾಡಬೇಕಾದೀತು. ಅಂಟು ಹಾಕುವುದಕ್ಕೆ ಮೊದಲು ಇದು ಮುಗಿದಿರಬೇಕು, ಎಣ್ಣೆ ಕುಡಿದ ಮರಕ್ಕೆ ಯಾವ ಅಂಟೂ ಹಿಡಿಯುವುದಿಲ್ಲ.

ಸೀಳಿಗೆ ಬಡಗಿಗಳ ಹಳೆಯ ಸರೇಸು (ಚರ್ಮದ ಅಂಟು) ಉತ್ತಮ. ಬಿಸಿನೀರಿನಲ್ಲಿ ಮತ್ತೆ ಬಿಡುತ್ತದೆ, ಮುಂದೆ ಇನ್ನೊಬ್ಬರು ಬಿಚ್ಚಿ ಸರಿಮಾಡಬಹುದು. ಎಪಾಕ್ಸಿ ಹಾಕಿದರೆ ಅಲ್ಲಿಗೆ ಮುಗಿಯಿತು. ತುಂಡು ಹೋಗಿದ್ದರೆ ಅದೇ ಜಾತಿಯ ಹಳೆಯ ಮರವನ್ನು, ಎಳೆಯ ದಿಕ್ಕು ಕೂಡುವಂತೆ ಕೂರಿಸಿ. ಅಕ್ರೋಟ್ ಇಂಗ್ಲೆಂಡಿನದಕ್ಕೆ. ನಮ್ಮಲ್ಲೇ ತಯಾರಾದ ಕೋವಿಗಳಲ್ಲಿ ಬೀಟೆ ಕಂಡರೆ ಅದಕ್ಕೆ ಬೀಟೆಯದೇ ತುಂಡು. ಹುಳುವಿನ ತೂತುಗಳಿಂದ ಹೊಸ ಹುಡಿ ಉದುರುತ್ತಿದ್ದರೆ ಲೋಹವೆಲ್ಲ ತೆಗೆದ ಮರವನ್ನು ಪ್ಲಾಸ್ಟಿಕ್ ಚೀಲದಲ್ಲಿ ಗಾಳಿಯಾಡದಂತೆ ಕಟ್ಟಿ, ಮೈನಸ್ 20 ಡಿಗ್ರಿಯ ಫ್ರೀಜರಿನಲ್ಲಿ ಎರಡು ವಾರ ಇಡಿ. ಹೊರತೆಗೆದ ಮೇಲೆ ಮಾಮೂಲು ಬಿಸಿಗೆ ಬರುವ ತನಕ ಚೀಲ ಬಿಚ್ಚಬಾರದು.

ಕೊನೆಗೆ ಅಗಸೆ ಎಣ್ಣೆ, ಅಂಗೈಯಲ್ಲಿ ತಿಕ್ಕಿ ಬಿಸಿಯಾಗುವಷ್ಟು, ತೀರಾ ತೆಳುವಾಗಿ. ಹೆಚ್ಚಾದದ್ದನ್ನು ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಎಸೆಯಬೇಡಿ, ಅಗಸೆ ಎಣ್ಣೆಯ ಬಟ್ಟೆ ತನ್ನಷ್ಟಕ್ಕೆ ಕಾದು ಹೊತ್ತಿಕೊಳ್ಳುತ್ತದೆ. ನೀರಿನಲ್ಲಿ ನೆನೆಸಿ, ಬಯಲಿನಲ್ಲಿ ಹರಡಿ ಒಣಗಿಸಿ.

ಮುರಿದ ಭಾಗಗಳು

ಹೆಚ್ಚಾಗಿ ಮುರಿದಿರುವುದು ಮೇನ್‌ಸ್ಪ್ರಿಂಗ್ ಅಥವಾ ಸಿಯರಿನ ಸ್ಪ್ರಿಂಗ್. ಹೊಸದು ಮಾಡುವುದಕ್ಕೆ ಸ್ಪ್ರಿಂಗಿನ ಉಕ್ಕನ್ನು ಅರದಿಂದ ರೂಪಿಸಿ, ಕೆಂಪಗೆ ಕಾಯಿಸಿ ಬಾಗಿಸಿ, ಎಣ್ಣೆಗೆ ಅದ್ದಿ ಗಟ್ಟಿ ಮಾಡಿ, ಮತ್ತೆ ಹದಕ್ಕೆ ಕಾಯಿಸಬೇಕು. ಅನುಭವಿಗಳ ಕೈಗೂ ಎಷ್ಟೋ ಸಲ ಮುರಿಯುವ ಕೆಲಸ ಅದು, ಕೋವಿ ರಿಪೇರಿಯವರಿಗೇ ಬಿಡಿ. ಹಳೆಯ ಮುರಿದ ಭಾಗವನ್ನು ಎಸೆಯದೆ ಚೀಟಿ ಬರೆದು ಇಟ್ಟುಕೊಳ್ಳಿ, ಹೊಸ ಭಾಗದ ಒಳಮೈಯಲ್ಲಿ ಇಸವಿ ಗೀರಿಸಿ. ಟಂಬ್ಲರಿನ ಕಚ್ಚು ಸವೆದು ಹ್ಯಾಮರ್ ನಿಲ್ಲದಿದ್ದರೆ ಅರ ಹಿಡಿಯಬೇಡಿ. ಒಂದು ಉಜ್ಜು ಹೆಚ್ಚಾದರೂ ಮೇಲಿನ ಗಟ್ಟಿ ಪದರ ಹೋಗಿ ಒಳಗಿನ ಮೆತ್ತನೆಯ ಕಬ್ಬಿಣ ಬರುತ್ತದೆ.

ಜೋಡಣೆ

ಬಿಚ್ಚಿದ್ದರ ಉಲ್ಟಾ ಕ್ರಮ. ಉಜ್ಜಾಡುವ ಜಾಗಗಳಿಗೆ ಸೂಜಿತುದಿಯಷ್ಟು ಗ್ರೀಸ್ ಸಾಕು, ಹೆಚ್ಚಾದದ್ದು ಮರಕ್ಕೆ ಇಳಿಯುತ್ತದೆ. ಲಾಕನ್ನು ಮರಕ್ಕೆ ಕೂರಿಸುವ ಮೊದಲು ಕೈಯಲ್ಲೇ ಪರೀಕ್ಷಿಸಿ. ಅರ್ಧಕ್ಕೆ ನಿಂತಾಗ ಸಿಯರಿನ ತೋಳು ಒತ್ತಿದರೂ ಬಿಡಬಾರದು. ಪೂರ್ತಿಗೆ ನಿಂತಾಗ ಹೆಬ್ಬೆರಳಿನಿಂದ ಹ್ಯಾಮರನ್ನು ಮುಂದಕ್ಕೆ ದೂಡಿದರೂ ಜಾರಬಾರದು. ಎರಡರಲ್ಲಿ ಒಂದು ತಪ್ಪಿದರೂ ಬಿಚ್ಚಿ ನೋಡಬೇಕು.

ಲಾಕ್ ಹೊರಗೆ ಸರಿಯಾಗಿದ್ದು ಮರದಲ್ಲಿ ಕೂರಿಸಿದಾಗ ಬಿಗಿಯಾದರೆ ತಪ್ಪು ಲಾಕಿನದಲ್ಲ. ಸ್ಕ್ರೂ ಅತಿಯಾಗಿ ಬಿಗಿದಿದೆ, ಅಥವಾ ಉಬ್ಬಿದ ಮರ ಸಿಯರಿಗೆ ತಾಗುತ್ತಿದೆ. ಲಾಕ್‌ನ ಒಳಮೈಗೆ ದೀಪದ ಮಸಿ ಸವರಿ ಕೂರಿಸಿ ತೆಗೆದರೆ ತಾಗುವ ಜಾಗ ಮರದ ಮೇಲೆ ಕಪ್ಪಗೆ ಮೂಡುತ್ತದೆ. ಅಷ್ಟನ್ನೇ ಚೂಪು ಉಳಿಯಿಂದ ತೆಗೆಯಿರಿ. ಟ್ರಿಗರ್ ಒತ್ತಿ ಹ್ಯಾಮರನ್ನು ಬರಿಯ ನಿಪ್ಪಲ್ ಮೇಲೆ ಬೀಳಬಿಡಬಾರದು, ಎರಡರಲ್ಲಿ ಒಂದು ಚಕ್ಕೆ ಏಳುತ್ತದೆ. ತೋರಿಸುವಾಗ ಹೆಬ್ಬೆರಳಿನಲ್ಲಿ ಹಿಡಿದು ಇಳಿಸಿ, ಅಥವಾ ನಿಪ್ಪಲ್ ಮೇಲೆ ದಪ್ಪ ಚರ್ಮದ ತುಂಡು ಇಡಿ.

ಮೇಣ, ಮಳೆಗಾಲ, ಆಯುಧಪೂಜೆ

ಎಣ್ಣೆ ಧೂಳು ಹಿಡಿಯುತ್ತದೆ, ಕೆಳಗಿಳಿಯುತ್ತದೆ. ನನ್ನ ಒಲವು ಮೈಕ್ರೊಕ್ರಿಸ್ಟಲೈನ್ ಮೇಣದ ಕಡೆಗೆ. ಬ್ರಿಟಿಷ್ ಮ್ಯೂಸಿಯಂನ ಪ್ರಯೋಗಾಲಯದಲ್ಲಿ ರೂಪುಗೊಂಡು ರಿನೈಸಾನ್ಸ್ ಹೆಸರಿನಲ್ಲಿ ಮಾರಾಟವಾಗುವ ಮೇಣವನ್ನು ಮರ, ಕಬ್ಬಿಣ, ಹಿತ್ತಾಳೆ ಮೂರಕ್ಕೂ ಹಚ್ಚಬಹುದು. ತೆಳುವಾಗಿ ಸವರಿ, ಸ್ವಲ್ಪ ಹೊತ್ತು ಬಿಟ್ಟು, ಹತ್ತಿಬಟ್ಟೆಯಿಂದ ಉಜ್ಜಿ. ಆಮೇಲೆ ಬರಿಗೈಯಲ್ಲಿ ಮುಟ್ಟಬೇಡಿ, ಬೆವರಿನ ಉಪ್ಪಿಗೆ ಬೆರಳಚ್ಚಿನ ಆಕಾರದಲ್ಲೇ ತುಕ್ಕು ಏಳುತ್ತದೆ.

ಚರ್ಮದ ಒರೆಯಲ್ಲಿ, ಸ್ಪಂಜಿನ ಪೆಟ್ಟಿಗೆಯಲ್ಲಿ ಇಟ್ಟು ಮರೆಯುವುದು ತಪ್ಪು. ಹದ ಮಾಡಿದ ಚರ್ಮದಲ್ಲಿ ಆಮ್ಲವಿರುತ್ತದೆ, ಸ್ಪಂಜು ತೇವ ಹೀರಿ ಹಿಡಿದುಕೊಳ್ಳುತ್ತದೆ. ಮಡಿಕೇರಿ, ಆಗುಂಬೆ, ಕರಾವಳಿಯ ಮನೆಗಳಲ್ಲಿ ಜೂನ್‌ನಿಂದ ಸೆಪ್ಟೆಂಬರ್ ತನಕ ಬೀಗ ಹಾಕಿದ, ಗಾಳಿಯಾಡದ ಪೆಟ್ಟಿಗೆಯಲ್ಲಿ ಸಿಲಿಕಾ ಜೆಲ್ ಇಟ್ಟು, ತೇವಮಾಪಕದಲ್ಲಿ ಶೇ 50ರ ಆಸುಪಾಸು ಉಳಿಸಿಕೊಳ್ಳಿ. ಅದಕ್ಕಿಂತ ತೀರಾ ಕೆಳಗಿಳಿದರೆ ಮರ ಸೀಳುತ್ತದೆ.

ಮಳೆ ಮುಗಿಯುತ್ತಲೇ ಪೂಜೆಗಳ ಸರದಿ. ಕೊಡಗಿನಲ್ಲಿ ಕೈಲ್‌ಪೋಳ್ದ್, ಉಳಿದ ಕಡೆ ಆಯುಧಪೂಜೆ. ಗಂಧ, ಒದ್ದೆ ಕುಂಕುಮ, ಹಸಿ ಹೂ, ಹಿಂಡಿದ ನಿಂಬೆ, ನಾಲ್ಕೂ ಕಬ್ಬಿಣಕ್ಕೆ ಆಗಿಬರುವುದಿಲ್ಲ. ರಾತ್ರಿಯಿಡೀ ಬಿಟ್ಟರೆ ಬೊಟ್ಟಿನ ಜಾಗದಲ್ಲಿ ಗುಂಡನೆಯ ಕಲೆ ಉಳಿಯುತ್ತದೆ. ಪಿಸ್ತೂಲನ್ನು ಬಟ್ಟೆಯ ಮೇಲಿಟ್ಟು ಕುಂಕುಮ, ಹೂಗಳನ್ನು ಬಟ್ಟೆಗೆ ಏರಿಸಬಹುದು. ಬೊಟ್ಟು ಇಡಲೇಬೇಕೆಂದರೆ ಒಣ ಕುಂಕುಮವನ್ನು ಮೇಣ ಹಚ್ಚಿದ ಮರದ ಭಾಗಕ್ಕೆ ಇಟ್ಟು, ಆರತಿಯಾದ ಕೂಡಲೇ ಒರೆಸಿಬಿಡಿ. ಅದೇ ದಿನ ಟಾರ್ಚ್ ಹಿಡಿದು ಲಾಕ್ ತಗಡಿನ ಅಂಚು, ನಿಪ್ಪಲ್‌ನ ಬುಡ, ನಳಿಗೆಯ ಬಾಯಿ ಒಮ್ಮೆ ನೋಡಿ. ಹೊಸ ತುಕ್ಕು ಮೊದಲು ಏಳುವುದು ಈ ಮೂರು ಕಡೆ. ಕೆಂಪು ಚುಕ್ಕೆ ಕಂಡರೆ ಒಂದು ಹನಿ ಎಣ್ಣೆ, ಹಿತ್ತಾಳೆಯ ಚೂರು, ಮತ್ತೆ ಮೇಣ.